ಮೊದಲ ಇಂಟರ್‌ವ್ಯೂಗೆ ಹೊರಟವರಿಗೆ: ‘ನಾವು ಮಾಡಿದ್ವಿ’ ಬಿಟ್ಟು ‘ನಾನು ಮಾಡಿದೆ’ ಅನ್ನೋ ತಯಾರಿ

ಡಿಗ್ರಿ ಫಲಿತಾಂಶ ಬರುವ ಹೊತ್ತಿಗೆ ಪ್ರತಿ ವರ್ಷವೂ ಅದೇ ಪ್ರಶ್ನೆ. “ಬೆಂಗಳೂರಿನಿಂದ ಇಂಟರ್‌ವ್ಯೂಗೆ ಕರೆದಿದ್ದಾರೆ. ಇಂಗ್ಲಿಷ್ ಅಷ್ಟಾಗಿ ಬರಲ್ಲ. ಏನು ಮಾಡಲಿ?” ಕೇಳುವವರು ಕೊಪ್ಪಳದವರಿರಬಹುದು, ಚಾಮರಾಜನಗರದವರಿರಬಹುದು. ಓದಿದ್ದು ಬಿ.ಕಾಂ., ಡಿಪ್ಲೊಮಾ, ಬಿ.ಇ. ಏನೇ ಇರಲಿ, ಭಯ ಮಾತ್ರ ಒಂದೇ.

ಕೆಲಸಕ್ಕೆ ಜನರನ್ನು ಆರಿಸುವ ಮೇಜಿನ ಆ ಕಡೆಯಲ್ಲೂ ನಾನು ಕೂತಿದ್ದೇನೆ. ಅಲ್ಲಿ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹುಡುಗ ಹುಡುಗಿಯರು ಇಂಗ್ಲಿಷ್ ಬರದೆ ಸೋಲುವುದು ಕಡಿಮೆ. ತಾವು ಮಾಡಿದ ಕೆಲಸವನ್ನು ಬಿಡಿಸಿ ಹೇಳದೆ ಸೋಲುವುದೇ ಜಾಸ್ತಿ. ‘ನಾನು ಮಾಡಿದೆ ಅಂತ ಹೇಳ್ಕೋಬಾರದು’ ಅಂತ ಮನೆಯಲ್ಲಿ ಕಲಿಸಿರುತ್ತಾರೆ. ಅದು ಒಳ್ಳೆಯ ಗುಣವೇ. ಆದರೆ ಇಂಟರ್‌ವ್ಯೂ ಕೋಣೆಯಲ್ಲಿ ನಿಮ್ಮ ಪರವಾಗಿ ಮಾತಾಡಲು ಇನ್ಯಾರೂ ಇರುವುದಿಲ್ಲ. ಎದುರಿಗೆ ಕೂತವರು ಯೋಚಿಸುತ್ತಿರುವುದು ಇಷ್ಟೇ: ಈ ವ್ಯಕ್ತಿಯ ಕೈಗೆ ನಾಳೆ ಒಂದು ಕೆಲಸ ಕೊಟ್ಟರೆ ಮುಗಿಸುತ್ತಾರಾ? ಅದಕ್ಕೆ ಉತ್ತರ ನೀವು ಈಗಾಗಲೇ ಮಾಡಿದ ಕೆಲಸದಲ್ಲೇ ಇದೆ. ಅದನ್ನು ಹುಡುಕಿ ತೆಗೆದು ಹೇಳುವುದು ಹೇಗೆ ಅಂತ ಒಂದೊಂದಾಗಿ ನೋಡೋಣ.

ಒಂದು ವಾರ ಸಮಯ ಇದ್ದರೆ ಸಾಕು. ಬೇಕಾಗಿರುವುದು ಒಂದು ನೋಟ್‌ಬುಕ್, ರೆಕಾರ್ಡ್ ಮಾಡಲು ಮೊಬೈಲ್, ಕೂತು ಕೇಳುವ ಒಬ್ಬ ಗೆಳೆಯ ಅಥವಾ ಗೆಳತಿ.

1. ಅವರು ಏನು ಕೇಳಿದ್ದಾರೆ ಅಂತ ಮೊದಲು ಓದಿ

ಕೆಲಸದ ಜಾಹೀರಾತಿನ ಜೊತೆ ‘ಜಾಬ್ ಡಿಸ್ಕ್ರಿಪ್ಷನ್’ ಇರುತ್ತದೆ. ಚಿಕ್ಕದಾಗಿ ಜೆಡಿ ಅಂತಾರೆ. ಆ ಹುದ್ದೆಯಲ್ಲಿ ದಿನಾ ಏನು ಮಾಡಬೇಕು, ಅದಕ್ಕೆ ಏನೇನು ಬರಬೇಕು ಅನ್ನೋ ಪಟ್ಟಿ ಅದು. ಅರ್ಜಿ ಹಾಕುವಾಗ ಕಣ್ಣಾಡಿಸಿ ಮರೆತುಬಿಡುವವರೇ ಹೆಚ್ಚು. ಕರೆ ಬರುವ ಹೊತ್ತಿಗೆ ಜಾಹೀರಾತನ್ನೇ ತೆಗೆದಿರುತ್ತಾರೆ. ಅದಕ್ಕೇ ಅರ್ಜಿ ಹಾಕಿದ ದಿನವೇ ಸ್ಕ್ರೀನ್‌ಶಾಟ್ ತೆಗೆದಿಡಿ.

ಈಗ ನೋಟ್‌ಬುಕ್‌ನ ಒಂದು ಪುಟದ ಮಧ್ಯೆ ಗೆರೆ ಎಳೆಯಿರಿ. ಅವರು ಕೇಳಿದ್ದನ್ನೆಲ್ಲ ಎಡಗಡೆ ಬರೆಯಿರಿ. ಅದನ್ನು ನೀವು ಎಲ್ಲಿ, ಯಾವಾಗ ಮಾಡಿದ್ದೀರಿ ಅಂತ ಬಲಗಡೆ ಬರೆಯಿರಿ. ಕಾಲೇಜು ಪ್ರಾಜೆಕ್ಟ್, ಇಂಟರ್ನ್‌ಶಿಪ್, ಅಪ್ಪನ ಅಂಗಡಿ, ಊರ ಜಾತ್ರೆಯ ಲೆಕ್ಕ, ಯಾವುದಾದರೂ ನಡೆಯುತ್ತದೆ. ಬಲಗಡೆ ಖಾಲಿ ಉಳಿದ ಸಾಲುಗಳೇ ಈ ವಾರ ನೀವು ಓದಬೇಕಾದ್ದು.

ಕಂಪನಿಯ ವೆಬ್‌ಸೈಟ್‌ನ್ನು ಅರ್ಧ ಗಂಟೆ ನೋಡಿ. ಏನು ಮಾಡುತ್ತಾರೆ, ಯಾರಿಗೆ ಮಾರುತ್ತಾರೆ, ಘಟಕ ಎಲ್ಲಿದೆ ಅಂತ ತಿಳಿದರೆ ಸಾಕು. ಸ್ಥಾಪಕರ ಹುಟ್ಟಿದ ದಿನ ಯಾರೂ ಕೇಳುವುದಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಕರೆ ಮಾಡಿದವರು ಕಂಪನಿಯವರಾ, ಏಜೆನ್ಸಿಯವರಾ ಅಂತ ಕೇಳಿ ತಿಳಿದುಕೊಳ್ಳಿ. ‘ಥರ್ಡ್ ಪಾರ್ಟಿ ಪೇರೋಲ್’ ಅಂದರೆ ನೀವು ಕೆಲಸ ಮಾಡುವುದು ಒಂದು ಕಂಪನಿಯಲ್ಲಿ, ನೇಮಕಾತಿ ಪತ್ರ ಮತ್ತು ಸಂಬಳ ಕೊಡುವುದು ಇನ್ನೊಂದು ಏಜೆನ್ಸಿ. ಇದರಲ್ಲಿ ತಪ್ಪೇನಿಲ್ಲ. ಆದರೆ ಸೇರಿದ ಮೇಲೆ ಗೊತ್ತಾಗಬಾರದು, ಮೊದಲೇ ಗೊತ್ತಿರಬೇಕು.

2. ರೆಸ್ಯೂಮೆಯ ಪ್ರತಿ ಸಾಲೂ ಒಂದು ಪ್ರಶ್ನೆ

ಹೊಸಬರ ಇಂಟರ್‌ವ್ಯೂನಲ್ಲಿ ಪ್ರಶ್ನೆಗಳು ಹುಟ್ಟುವುದೇ ರೆಸ್ಯೂಮೆಯಿಂದ. ಎದುರಿಗಿರುವವರಿಗೆ ನಿಮ್ಮ ಬಗ್ಗೆ ಗೊತ್ತಿರುವುದು ಆ ಒಂದು ಪುಟ ಮಾತ್ರ ಅಲ್ವಾ? ಅದರಲ್ಲಿರುವ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು, ‘ಇದರ ಬಗ್ಗೆ ಎರಡು ನಿಮಿಷ ಮಾತಾಡಬಲ್ಲೆನಾ?’ ಅಂತ ಕೇಳಿಕೊಳ್ಳಿ. ಆಗದಿದ್ದರೆ ಆ ಸಾಲು ತೆಗೆದುಬಿಡಿ. ಗೆಳೆಯನ ರೆಸ್ಯೂಮೆ ನಕಲು ಮಾಡಿ ಹೆಸರು ಬದಲಾಯಿಸಿದವರು ಸಿಕ್ಕಿಬೀಳುವುದು ಇಲ್ಲೇ. ‘ಎಕ್ಸೆಲ್‌ನಲ್ಲಿ ಪರಿಣತಿ’ ಅಂತ ಬರೆದಿರುತ್ತಾರೆ. ವಿ-ಲುಕಪ್ ಯಾಕೆ ಬಳಸುತ್ತಾರೆ ಅಂದರೆ ಮೌನ. ‘ಎಕ್ಸೆಲ್: ಸಾಮಾನ್ಯ ಸೂತ್ರಗಳು, ಪಟ್ಟಿ ವಿಂಗಡಣೆ’ ಅಂತ ನಿಜ ಬರೆದಿದ್ದರೆ ಆ ಮೌನವೇ ಇರುತ್ತಿರಲಿಲ್ಲ.

ಹವ್ಯಾಸದ ಜಾಗದಲ್ಲಿ ‘ಪುಸ್ತಕ ಓದುವುದು’ ಅಂತ ಇದ್ದರೆ ಕಳೆದ ತಿಂಗಳು ಓದಿದ ಒಂದು ಪುಸ್ತಕವಾದರೂ ನೆನಪಿರಲಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಬೇರೆಯದೇ ತೊಂದರೆ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಜೊತೆ ಬರೀ ಇನಿಶಿಯಲ್ ಇರುತ್ತದೆ. ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿರುತ್ತದೆ. ಪ್ಯಾನ್‌ನಲ್ಲಿ ಮನೆತನದ ಹೆಸರೂ ಬಂದಿರುತ್ತದೆ. ಕೆಲಸ ಸಿಕ್ಕ ಮೇಲೆ ‘ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್’ ಅಂತ ದಾಖಲೆ ತಾಳೆ ನೋಡುವ ಹಂತ ಬರುತ್ತದೆ. ಪಿಎಫ್ (ಭವಿಷ್ಯ ನಿಧಿ) ಖಾತೆಯನ್ನೂ ಆಧಾರ್‌ಗೆ ಜೋಡಿಸುತ್ತಾರೆ. ಎರಡು ಕಡೆಯೂ ಹೆಸರು ಹೊಂದದಿದ್ದರೆ ಓಡಾಟ ಶುರು. ರೆಸ್ಯೂಮೆಯಲ್ಲಿ ಅಂಕಪಟ್ಟಿಯ ಹೆಸರನ್ನೇ ಬರೆಯಿರಿ. ಆಧಾರ್ ತಿದ್ದುಪಡಿ ಬೇಕಿದ್ದರೆ ಈಗಲೇ ಅರ್ಜಿ ಹಾಕಿ. ಆಫರ್ ಕೈಗೆ ಬಂದ ಮೇಲೆ ಅದಕ್ಕೆ ಸಮಯ ಇರುವುದಿಲ್ಲ.

3. ನಾಲ್ಕು ಕೆಲಸ ಆರಿಸಿ, ಬಿಡಿಸಿ ಹೇಳಲು ಕಲಿಯಿರಿ

ನಿಮ್ಮ ಹತ್ತಿರ ಎರಡೇ ದಿನ ಇದ್ದರೆ ಬೇರೆಲ್ಲ ಬಿಟ್ಟು ಇದೊಂದನ್ನೇ ಮಾಡಿ.

ನೀವೇ ಕೈಯಾರೆ ಮಾಡಿದ ನಾಲ್ಕು ಕೆಲಸಗಳನ್ನು ಆರಿಸಿಕೊಳ್ಳಿ. ಕಷ್ಟದ ಸಮಸ್ಯೆ ಬಿಡಿಸಿದ್ದು ಒಂದು. ಬೇರೆಯವರ ಜೊತೆ ಸೇರಿ ಮಾಡಿದ್ದು ಒಂದು. ತಪ್ಪು ಮಾಡಿ ಸರಿಪಡಿಸಿಕೊಂಡಿದ್ದು ಒಂದು. ಯಾರೂ ಹೇಳದೆ ತಾನಾಗಿಯೇ ಕಲಿತದ್ದು ಒಂದು. ‘ನಿಮ್ಮ ಬಲ ಏನು’, ‘ದೌರ್ಬಲ್ಯ ಏನು’, ‘ಒತ್ತಡದಲ್ಲಿ ಹೇಗೆ ಕೆಲಸ ಮಾಡುತ್ತೀರಿ’, ‘ತಂಡದಲ್ಲಿ ಜಗಳ ಬಂದರೆ?’, ಎಷ್ಟೋ ಪ್ರಶ್ನೆಗಳಿಗೆ ಈ ನಾಲ್ಕರಲ್ಲಿ ಒಂದು ಹೊಂದುತ್ತದೆ.

ಹೇಳುವುದಕ್ಕೆ ‘ಸ್ಟಾರ್’ ಅನ್ನೋ ಒಂದು ವಿಧಾನ ಇದೆ. ಇಂಗ್ಲಿಷ್‌ನ ನಾಲ್ಕು ಪದಗಳ ಮೊದಲ ಅಕ್ಷರ ಸೇರಿಸಿ ಮಾಡಿದ ಹೆಸರು. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ: ಸಂದರ್ಭ ಏನಿತ್ತು, ನನ್ನ ಹೊಣೆ ಏನು, ನಾನು ಮಾಡಿದ್ದೇನು, ಕೊನೆಗೆ ಆದದ್ದೇನು. ಎಲ್ಲದಕ್ಕೂ ಒಂದೇ ಅಳತೆ ಬೇಡ. ಮೊದಲೆರಡು ಒಂದೊಂದು ವಾಕ್ಯ. ‘ನಾನು ಮಾಡಿದ್ದೇನು’ ಅನ್ನುವುದಕ್ಕೆ ಅರ್ಧಕ್ಕಿಂತ ಜಾಸ್ತಿ ಸಮಯ ಕೊಡಿ. ಬಹಳ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಸಂದರ್ಭವನ್ನೇ ಮೂರು ನಿಮಿಷ ಹೇಳಿ, ‘ಆಮೇಲೆ ಸರಿಹೋಯ್ತು ಸರ್’ ಅಂತ ಮುಗಿಸಿಬಿಡುತ್ತಾರೆ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಬಿ.ಕಾಂ. ಓದಿದ ಹುಡುಗಿ, ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆಗೆ ಬಂದಿದ್ದಾಳೆ ಅಂದುಕೊಳ್ಳಿ. ಓದುವಾಗ ಸೋದರಮಾವನ ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ನೋಡಿಕೊಂಡಿದ್ದಳು. ‘ಅನುಭವ ಇದೆಯಾ?’ ಅಂತ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಇದು:

“ಅನುಭವ ಏನಿಲ್ಲ ಸರ್. ಮಾವನ ಅಂಗಡಿ ಇತ್ತು, ಅಲ್ಲಿ ಸುಮ್ನೆ ಹೆಲ್ಪ್ ಮಾಡ್ತಿದ್ವಿ. ಟ್ಯಾಲಿ ಬರುತ್ತೆ.”

ಅದೇ ಹುಡುಗಿ, ಅದೇ ಅಂಗಡಿ, ಬಿಡಿಸಿ ಹೇಳಿದರೆ:

“ಓದುವಾಗ ಎರಡು ವರ್ಷ ಒಂದು ಗೊಬ್ಬರದ ಅಂಗಡಿಯ ಲೆಕ್ಕ ನೋಡಿಕೊಂಡೆ. ಮುಂಗಾರಿನ ಸಮಯದಲ್ಲಿ ಯೂರಿಯಾ ದಾಸ್ತಾನು ತಾಳೆಯಾಗಲಿಲ್ಲ. ಮಾರಾಟ ದಾಖಲಿಸುವ ಪಿಒಎಸ್ ಮಷಿನ್ ತೋರಿಸುವುದಕ್ಕಿಂತ ಗೋದಾಮಿನಲ್ಲಿ 14 ಚೀಲ ಕಡಿಮೆ ಇದ್ದವು. ವ್ಯತ್ಯಾಸ ಹುಡುಕುವುದು ನನ್ನ ಕೆಲಸ. ನಾನು ಒಂದು ತಿಂಗಳ ಬಿಲ್‌ಗಳನ್ನು ದಿನದ ಪ್ರಕಾರ ಜೋಡಿಸಿದೆ. ಮೂರು ದಿನ ನೆಟ್‌ವರ್ಕ್ ಇರಲಿಲ್ಲ ಅಂತ ಗೊತ್ತಾಯಿತು. ಆ ದಿನಗಳ ಮಾರಾಟ ಚೀಟಿಯಲ್ಲಿತ್ತು, ಮಷಿನ್‌ಗೆ ಏರಿಸಿರಲಿಲ್ಲ. ಚೀಟಿ ಎಣಿಸಿದೆ, 14 ಸಿಕ್ಕವು. ಅಂದಿನಿಂದ ಪ್ರತಿದಿನ ಸಂಜೆ ಅಂಗಡಿ ಮುಚ್ಚುವ ಮುಂಚೆ ಚೀಲ ಎಣಿಸಿ ಮಷಿನ್ ಜೊತೆ ತಾಳೆ ನೋಡಲು ಶುರು ಮಾಡಿದೆ.”

ಎರಡನೆಯ ಉತ್ತರದಲ್ಲಿ ದೊಡ್ಡ ಪದ ಒಂದಾದರೂ ಇದೆಯಾ? ಇಲ್ಲ. ಇರುವುದು ಒಂದು ಅಂಕಿ, ಒಂದು ಕಾರಣ, ಒಂದು ಕ್ರಮ. ಅಕೌಂಟ್ಸ್ ಮ್ಯಾನೇಜರ್‌ಗೆ ಇದನ್ನು ಕೇಳಿದ ತಕ್ಷಣ ಗೊತ್ತಾಗುತ್ತದೆ: ಇವಳಿಗೆ ಬ್ಯಾಂಕ್ ಲೆಕ್ಕ ತಾಳೆ ನೋಡಲು ಕೊಡಬಹುದು ಅಂತ.

ಇನ್ನು ‘ನಾವು’ ಅನ್ನೋ ಮಾತು. ನಾಲ್ಕು ಜನ ಸೇರಿ ಪ್ರಾಜೆಕ್ಟ್ ಮಾಡಿರುತ್ತೀರಿ. ಹೇಳುವಾಗ ಎಲ್ಲವೂ ‘ನಾವು ಮಾಡಿದ್ವಿ’. ಕನ್ನಡದಲ್ಲಿ ಇನ್ನೂ ಒಂದು ಅಭ್ಯಾಸ ಇದೆ, ಮಾಡಿದವರನ್ನೇ ಬಿಟ್ಟುಬಿಡುವುದು. ‘ಸೆನ್ಸರ್ ಹಾಕಿದ್ದು, ಟೆಸ್ಟ್ ಮಾಡಿದ್ದು, ಔಟ್‌ಪುಟ್ ಬಂತು.’ ಕೇಳುವವರಿಗೆ ಯಾರು ಮಾಡಿದ್ದು ಅಂತಲೇ ತಿಳಿಯುವುದಿಲ್ಲ. ‘ನಾಲ್ಕು ಜನ ಇದ್ವಿ. ಸೆನ್ಸರ್ ಜೋಡಣೆ ಮತ್ತು ಟೆಸ್ಟಿಂಗ್ ನನ್ನದು. ಕೋಡ್ ಬರೆದದ್ದು ಇನ್ನಿಬ್ಬರು’ ಅಂತ ಹೇಳಿ. ಗೆಳೆಯರ ಪಾಲನ್ನು ಅವರಿಗೇ ಬಿಟ್ಟು, ನಿಮ್ಮ ಪಾಲನ್ನು ನೀವು ತೆಗೆದುಕೊಂಡರೆ ಅದು ಜಂಬ ಅಲ್ಲ. ಅದು ಸರಿಯಾದ ಲೆಕ್ಕ.

ನಾಲ್ಕೂ ಕತೆಗಳನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ಕನ್ನಡದಲ್ಲಿ ಸ್ಪಷ್ಟವಾಗದೆ ಇದ್ದದ್ದು ಇಂಗ್ಲಿಷ್‌ನಲ್ಲಿ ಸ್ಪಷ್ಟವಾಗುವುದಿಲ್ಲ. ಬಾಯಿಪಾಠ ಮಾತ್ರ ಮಾಡಬೇಡಿ. ಮಧ್ಯೆ ಒಂದು ಪ್ರಶ್ನೆ ಬಂದರೆ ಎಲ್ಲ ಮರೆತು ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಅಂಕಿ, ಕಾರಣ, ಕ್ರಮ ಇಷ್ಟು ನೆನಪಿದ್ದರೆ ವಾಕ್ಯ ತಾನಾಗೇ ಬರುತ್ತದೆ.

4. ‘ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್’

ಮೊದಲ ಪ್ರಶ್ನೆ ಇದೇ ಆಗಿರುತ್ತದೆ ಅಂದುಕೊಂಡು ತಯಾರಾಗಿ. ಒಂದರಿಂದ ಒಂದೂವರೆ ನಿಮಿಷ ಸಾಕು.

‘ಮೈಸೆಲ್ಫ್’ ಅಂತ ಶುರು ಮಾಡಬೇಡಿ. ‘ಐ ಆ್ಯಮ್’ ಅಥವಾ ‘ಮೈ ನೇಮ್ ಈಸ್’ ಅನ್ನಿ. ಅಪ್ಪನ ಹೆಸರು, ಅಮ್ಮ ಗೃಹಿಣಿ, ಅಣ್ಣನಿಗೆ ಮದುವೆಯಾಗಿದೆ, ಇವೆಲ್ಲ ಸಂಬಂಧ ನೋಡಲು ಬಂದವರಿಗೆ ಹೇಳುವ ವಿವರ. ಇಲ್ಲಿ ಬೇಡ. ರೈತ ಕುಟುಂಬದಿಂದ ಬಂದವರು ಅದನ್ನು ಹೇಳಬಾರದು ಅಂತಲ್ಲ. ಹೇಳುವುದಾದರೆ ನಿಮ್ಮ ಕೆಲಸಕ್ಕೆ ಸೇರಿಸಿ ಹೇಳಿ: ‘ನಮ್ಮ ತೋಟದ ಪಂಪ್‌ಸೆಟ್ ರಿಪೇರಿ ನೋಡುತ್ತಾ ಬೆಳೆದೆ, ಅದಕ್ಕೇ ಎಲೆಕ್ಟ್ರಿಕಲ್ ಡಿಪ್ಲೊಮಾ ತೆಗೆದುಕೊಂಡೆ.’

ಕ್ರಮ ಹೀಗಿರಲಿ. ಹೆಸರು, ಓದು ಒಂದು ವಾಕ್ಯ. ನಾಲ್ಕು ಕತೆಗಳಲ್ಲಿ ಈ ಹುದ್ದೆಗೆ ಹತ್ತಿರವಾದ ಒಂದು, ಮೂರ್ನಾಲ್ಕು ವಾಕ್ಯ. ಈ ಕೆಲಸ ಯಾಕೆ ಬೇಕು, ಒಂದು ವಾಕ್ಯ. ಅಲ್ಲಿಗೆ ನಿಲ್ಲಿಸಿ. ‘ದಟ್ಸ್ ಆಲ್ ಅಬೌಟ್ ಮಿ ಸರ್’ ಅಂತ ಸೇರಿಸುವ ಅಗತ್ಯ ಇಲ್ಲ.

ಇದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲ ಸಲ ಕೇಳಲು ಮುಜುಗರ ಆಗುತ್ತದೆ. ಐದನೇ ಸಲಕ್ಕೆ ಎಲ್ಲಿ ಓಡುತ್ತಿದ್ದೀರಿ, ಎಲ್ಲಿ ‘ಆ್ಯಕ್ಚುಲಿ’, ‘ಬೇಸಿಕಲಿ’ ತುಂಬುತ್ತಿದ್ದೀರಿ ಅಂತ ನಿಮಗೇ ಕೇಳಿಸುತ್ತದೆ.

5. ಇಂಗ್ಲಿಷ್

ಮೊದಲು ನಿಜ ಹೇಳುತ್ತೇನೆ. ವಿದೇಶಿ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಹೋದರೆ ಇಂಗ್ಲಿಷ್ ಅನ್ನುವುದೇ ಆ ಕೆಲಸ. ಅಲ್ಲಿ ರಿಯಾಯಿತಿ ಸಿಗುವುದಿಲ್ಲ. ಆದರೆ ಅಕೌಂಟ್ಸ್, ಉತ್ಪಾದನೆ, ಗುಣಮಟ್ಟ ಪರೀಕ್ಷೆ, ಟೆಸ್ಟಿಂಗ್, ಪ್ರೋಗ್ರಾಮಿಂಗ್ ಇಂಥ ಕಡೆ ಅವರಿಗೆ ಬೇಕಾಗಿರುವುದು ಅರ್ಥವಾಗುವ ಇಂಗ್ಲಿಷ್. ಚೆಂದದ ಇಂಗ್ಲಿಷ್ ಅಲ್ಲ.

ಅರ್ಥವಾಗಬೇಕಾದರೆ ವಾಕ್ಯ ಚಿಕ್ಕದಿರಬೇಕು. ಕನ್ನಡದಲ್ಲಿ ನಾವು ‘ಹೋಗಿ, ನೋಡಿ, ತೆಗೆದು, ಸರಿಮಾಡಿ’ ಅಂತ ಒಂದೇ ಉಸಿರಿನಲ್ಲಿ ಪೋಣಿಸಬಹುದು. ಇಂಗ್ಲಿಷ್‌ಗೆ ಅದನ್ನೇ ಒಯ್ದರೆ ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಒಂದು ಕೆಲಸಕ್ಕೆ ಒಂದು ವಾಕ್ಯ. ‘ಐ ಕೌಂಟೆಡ್ ದ ಬ್ಯಾಗ್ಸ್. ಫೋರ್ಟೀನ್ ವರ್ ಮಿಸ್ಸಿಂಗ್. ಐ ಚೆಕ್ಡ್ ದ ಬಿಲ್ಸ್.’ ಇಷ್ಟು ಇಂಗ್ಲಿಷ್ ನಿಮಗೆ ಬರುತ್ತದೆ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ಪ್ರಶ್ನೆ ಅರ್ಥವಾಗದಿದ್ದರೆ ‘ಕುಡ್ ಯೂ ಪ್ಲೀಸ್ ರಿಪೀಟ್ ದ ಕ್ವೆಶ್ಚನ್?’ ಅಂತ ಕೇಳಿ. ಅರ್ಥವಾಗದೆ ‘ಯೆಸ್ ಸರ್’ ಅನ್ನುವುದು ನಮ್ಮಲ್ಲಿ ದೊಡ್ಡ ಪಿಡುಗು. ದೊಡ್ಡವರನ್ನು ಮತ್ತೆ ಕೇಳುವುದು ಅಗೌರವ ಅನ್ನಿಸುತ್ತದೆ. ಆ ಕಡೆ ಕೂತವರಿಗೆ ಹಾಗನ್ನಿಸುವುದಿಲ್ಲ. ಅರ್ಥ ಮಾಡಿಕೊಳ್ಳದೆ ಹೂಂ ಅನ್ನುವವರಿಗೆ ಕೆಲಸ ಒಪ್ಪಿಸುವುದೇ ಅವರಿಗೆ ಭಯ.

ತೀರಾ ತಡವರಿಸಿದರೆ, ‘ಈ ಭಾಗವನ್ನು ಕನ್ನಡದಲ್ಲಿ ಹೇಳಬಹುದಾ?’ ಅಂತ ಒಮ್ಮೆ ಕೇಳಿ ನೋಡಿ. ಕರ್ನಾಟಕದ ಕಾರ್ಖಾನೆಗಳಲ್ಲಿ, ಸಣ್ಣ ಕಂಪನಿಗಳಲ್ಲಿ ಒಪ್ಪುವವರು ಇದ್ದಾರೆ. ಒಪ್ಪದಿದ್ದರೂ ಕೇಳಿದ್ದರಿಂದ ನಷ್ಟವಿಲ್ಲ.

ಅಭ್ಯಾಸಕ್ಕೆ ದಿನಾ ಹದಿನೈದು ನಿಮಿಷ ಇಂಗ್ಲಿಷ್ ಪತ್ರಿಕೆಯನ್ನು ಜೋರಾಗಿ ಓದಿ. ಮನಸ್ಸಿನಲ್ಲಿ ಓದಿದರೆ ನಾಲಿಗೆ ತಿರುಗುವುದಿಲ್ಲ.

6. ಹಿಂದಿನ ದಿನ, ಮತ್ತು ದಾರಿ

ಫೈಲ್‌ನಲ್ಲಿ ಏನಿರಬೇಕು: ರೆಸ್ಯೂಮೆ ಮೂರು ಪ್ರತಿ, ಅಂಕಪಟ್ಟಿಗಳ ಜೆರಾಕ್ಸ್ ಎರಡು ಸೆಟ್, ಗುರುತಿನ ಚೀಟಿ, ಫೋಟೊ, ಎರಡು ಪೆನ್ನು. ಒರಿಜಿನಲ್ ತೋರಿಸಲು ಕೇಳಿದ್ದರೆ ಒಯ್ಯಿರಿ, ತೋರಿಸಿ, ವಾಪಸ್ ತನ್ನಿ. ಯಾರ ಕೈಯಲ್ಲೂ ಬಿಟ್ಟು ಬರಬೇಡಿ.

ಬಟ್ಟೆ ಇಸ್ತ್ರಿ ಮಾಡಿದ್ದು, ಸಾದಾ ಬಣ್ಣದ್ದು. ಸೂಟ್ ಬಾಡಿಗೆಗೆ ತರುವುದು ಬೇಡ. ಹೊಸ ಶೂ ಅಂದೇ ಮೊದಲ ಸಲ ಹಾಕಬೇಡಿ, ಕಾಲು ಕಚ್ಚುತ್ತದೆ.

ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುವವರು ಬಹಳ. ಸಾಧ್ಯವಿದ್ದರೆ ಒಂದು ದಿನ ಮೊದಲೇ ಬನ್ನಿ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ನೇರಳೆ ಮಾರ್ಗ ನೇರವಾಗಿ ಹೋಗುತ್ತದೆ. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರಕ್ಕಾದರೆ ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಹೋಗಿ, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹತ್ತಬೇಕು. ಪೀಣ್ಯಕ್ಕೂ ಹಸಿರು ಮಾರ್ಗವೇ, ಆದರೆ ದಿಕ್ಕು ಬೇರೆ, ಮಾದಾವರದ ಕಡೆಗೆ. ಮೆಟ್ರೋ ಇಳಿದ ಮೇಲೂ ಗೇಟಿನಿಂದ ಕಟ್ಟಡದವರೆಗೆ, ಸೆಕ್ಯುರಿಟಿಯಲ್ಲಿ ಹೆಸರು ಬರೆಸುವವರೆಗೆ ಅರ್ಧ ಗಂಟೆ ಹೋಗುತ್ತದೆ. ಅದನ್ನೂ ಸೇರಿಸಿ ಲೆಕ್ಕ ಹಾಕಿ. ತಡವಾಗುವುದು ಖಚಿತವಾದರೆ ಸಮಯಕ್ಕೆ ಮುಂಚೆಯೇ ಫೋನ್ ಮಾಡಿ ತಿಳಿಸಿ.

ಆನ್‌ಲೈನ್ ಇಂಟರ್‌ವ್ಯೂ ಆದರೆ ತೊಂದರೆಗಳು ಬೇರೆ. ಕರೆಂಟ್ ಹೋಗಬಹುದು, ಹಾಗಾಗಿ ಲ್ಯಾಪ್‌ಟಾಪ್, ಮೊಬೈಲ್ ಎರಡೂ ಪೂರ್ತಿ ಚಾರ್ಜ್ ಇರಲಿ. ಇನ್ನೊಂದು ಸಿಮ್‌ನ ಹಾಟ್‌ಸ್ಪಾಟ್ ಸಿದ್ಧವಿರಲಿ. ಕ್ಯಾಮೆರಾ ಕಣ್ಣಿನ ಎತ್ತರಕ್ಕೆ ಬರುವಂತೆ ಕೆಳಗೆ ಪುಸ್ತಕ ಜೋಡಿಸಿ. ಬೆಳಕು ಮುಖದ ಮೇಲೆ ಬೀಳಲಿ, ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ. ಸ್ಕ್ರೀನ್ ಮೇಲೆ ಫೋನಿನ ಮಾಡೆಲ್ ಹೆಸರು ಕಾಣುತ್ತಿದ್ದರೆ ನಿಮ್ಮ ಹೆಸರು ಹಾಕಿಕೊಳ್ಳಿ.

ಪಕ್ಕದಲ್ಲಿ ಇನ್ನೊಂದು ಸ್ಕ್ರೀನ್ ಇಟ್ಟು, ಎಐ ಬರೆದುಕೊಟ್ಟ ಉತ್ತರ ಓದುವವರು ಈಗ ಹೆಚ್ಚಾಗಿದ್ದಾರೆ. ದಯವಿಟ್ಟು ಬೇಡ. ಕಣ್ಣು ಎಡದಿಂದ ಬಲಕ್ಕೆ ಓಡುವುದು ಆ ಕಡೆ ಚೆನ್ನಾಗಿ ಕಾಣುತ್ತದೆ. ‘ಯಾಕೆ ಹಾಗೆ ಮಾಡಿದಿರಿ?’ ಅಂತ ಒಂದು ಉಪಪ್ರಶ್ನೆ ಬಂದರೆ ಓದಿದ್ದೆಲ್ಲ ಅಲ್ಲೇ ನಿಲ್ಲುತ್ತದೆ. ಅದೇ ಎಐಯನ್ನು ಹಿಂದಿನ ವಾರ ಅಭ್ಯಾಸಕ್ಕೆ ಬಳಸಿ. ಜೆಡಿ ಕೊಟ್ಟು ಪ್ರಶ್ನೆ ಕೇಳಲು ಹೇಳಿ, ಬಾಯಿಬಿಟ್ಟು ಉತ್ತರಿಸಿ.

7. ಕೋಣೆಯ ಒಳಗೆ, ಕಷ್ಟದ ಪ್ರಶ್ನೆಗಳು

ನಮಸ್ಕರಿಸಿ, ಕೂರಲು ಹೇಳಿದ ಮೇಲೆ ಕೂತುಕೊಳ್ಳಿ. ಮೂರು ಜನ ಇದ್ದರೆ ಪ್ರಶ್ನೆ ಕೇಳಿದವರಿಗೆ ಉತ್ತರಿಸುತ್ತಾ ಉಳಿದವರನ್ನೂ ಆಗಾಗ ನೋಡಿ. ಉತ್ತರಿಸುವ ಮುಂಚೆ ಎರಡು ಸೆಕೆಂಡು ಸುಮ್ಮನಿರುವುದು ತಪ್ಪಲ್ಲ.

ಗೊತ್ತಿಲ್ಲದ ತಾಂತ್ರಿಕ ಪ್ರಶ್ನೆ ಬಂದೇ ಬರುತ್ತದೆ. ‘ಗೊತ್ತಿಲ್ಲ’ ಅಂತ ಹೇಳಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ‘ಇದನ್ನು ನಾನು ಮಾಡಿಲ್ಲ. ಮೋಟರ್ ಬಿಸಿಯಾಗುತ್ತಿದ್ದರೆ ಮೊದಲು ಲೋಡ್ ನೋಡುತ್ತೇನೆ, ಆಮೇಲೆ ಬೇರಿಂಗ್’ ಅಂತ ಯೋಚನೆಯನ್ನು ಬಾಯಿಬಿಟ್ಟು ಹೇಳಿ. ಅವರು ನೋಡುತ್ತಿರುವುದು ಆ ಯೋಚನೆಯ ದಾರಿಯನ್ನೇ.

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ‘ಗ್ಯಾಪ್’ ಬಗ್ಗೆ. ಅಂದರೆ ಓದು ಮುಗಿದ ಮೇಲೆ ಕೆಲಸವಿಲ್ಲದೆ ಕಳೆದ ವರ್ಷಗಳು. ನಮ್ಮ ರಾಜ್ಯದಲ್ಲಿ ಇದಕ್ಕೆ ದೊಡ್ಡ ಕಾರಣ ಸರ್ಕಾರಿ ಪರೀಕ್ಷೆಗಳ ತಯಾರಿ. ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮ್ ಮಾಡಿಕೊಂಡು ಪಿಎಸ್‌ಐ, ಪಿಡಿಒ, ಕೆಎಎಸ್‌ಗೆ ಓದಿರುತ್ತಾರೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ ಅದು 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಕಷ್ಟಪಟ್ಟು ಓದಿ ಕಾಯುತ್ತಾ ಕೂತವರ ಗ್ಯಾಪ್‌ನಲ್ಲಿ ಅವರ ತಪ್ಪೇನಿದೆ?

ಅದನ್ನು ಮುಚ್ಚಿಡಬೇಡಿ. ಸುಳ್ಳು ಅನುಭವ ಪತ್ರ ಮಾತ್ರ ಖಂಡಿತ ಬೇಡ. ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗುತ್ತದೆ. ಪ್ರಶ್ನೆಯ ಹಿಂದಿನ ಆತಂಕ ಏನು ಅಂತ ತಿಳಿದುಕೊಳ್ಳಿ. ‘ನಾಳೆ ಫಲಿತಾಂಶ ಬಂದರೆ ಇವರು ಬಿಟ್ಟು ಹೋಗುತ್ತಾರಾ?’ ಅನ್ನುವುದೇ ಅವರ ಆತಂಕ. ಅದಕ್ಕೇ ಉತ್ತರ ಕೊಡಿ: ‘ಎರಡು ವರ್ಷ ಪರೀಕ್ಷೆಗೆ ಓದಿದೆ. ಆಯ್ಕೆ ಆಗಲಿಲ್ಲ. ಈಗ ತಯಾರಿ ನಿಲ್ಲಿಸಿದ್ದೇನೆ. ಕಳೆದ ನಾಲ್ಕು ತಿಂಗಳಿಂದ ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಕಲಿಯುತ್ತಿದ್ದೇನೆ.’ ನಿಲ್ಲಿಸಿಲ್ಲ ಅಂದರೆ ನಿಲ್ಲಿಸಿದ್ದೇನೆ ಅಂತ ಹೇಳಬೇಡಿ. ‘ಇನ್ನೂ ಒಂದು ಫಲಿತಾಂಶ ಬಾಕಿ ಇದೆ’ ಅಂತ ನೇರವಾಗಿ ಹೇಳಿದವರನ್ನೂ ತೆಗೆದುಕೊಂಡದ್ದು ಇದೆ.

ಬ್ಯಾಕ್‌ಲಾಗ್, ಅಂದರೆ ಫೇಲ್ ಆಗಿ ಮತ್ತೆ ಬರೆದ ವಿಷಯಗಳ ಬಗ್ಗೆಯೂ ಹೀಗೆಯೇ. ಯಾವ ವಿಷಯ, ಯಾಕೆ, ಯಾವಾಗ ಪಾಸಾಯಿತು, ಮೂರು ವಾಕ್ಯ. ಲೆಕ್ಚರರ್ ಮೇಲೆ ಹೊರಿಸಬೇಡಿ.

8. ಸಂಬಳದ ಮಾತು

‘ಸಿಟಿಸಿ’ ಅಂದರೆ ಕಂಪನಿ ನಿಮ್ಮ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು. ಕೈಗೆ ಬರುವ ಹಣ ಅಲ್ಲ. ಇದನ್ನು ತಿಳಿಯದೆ ಮನೆ ಬಾಡಿಗೆ, ಸಾಲದ ಕಂತು ಲೆಕ್ಕ ಹಾಕಿ ಕಷ್ಟಕ್ಕೆ ಸಿಕ್ಕವರು ಬಹಳ. ಹಾಗಾಗಿ ಒಂದು ಲೆಕ್ಕ ಮಾಡೋಣ.

ಸಿಟಿಸಿ ವರ್ಷಕ್ಕೆ 3,60,000 ಅಂದುಕೊಳ್ಳಿ. ತಿಂಗಳಿಗೆ 30,000. ಮೂಲ ವೇತನ 15,000. ಕಂಪನಿ ನಿಮ್ಮ ಪಿಎಫ್‌ಗೆ ಕಟ್ಟುವ ಶೇ 12, ಅಂದರೆ 1,800 ಇದರೊಳಗೇ ಸೇರಿರುತ್ತದೆ. ಗ್ರಾಚ್ಯುಟಿ ಅಂತ ಸುಮಾರು 720 ಸೇರಿಸುತ್ತಾರೆ. ಸಾಮಾನ್ಯವಾಗಿ ಐದು ವರ್ಷ ದುಡಿದವರಿಗೆ ಬಿಡುವಾಗ ಸಿಗುವ ಹಣ ಅದು. ಉಳಿದದ್ದು 27,480. ಅದರಿಂದ ನಿಮ್ಮ ಪಾಲಿನ ಪಿಎಫ್ 1,800 ಹೋಗುತ್ತದೆ. ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಮುಟ್ಟಿದರೆ ವೃತ್ತಿ ತೆರಿಗೆ 200 (ಫೆಬ್ರುವರಿಯಲ್ಲಿ ಮಾತ್ರ 300) ಇದೆ. ಕೈಗೆ 25,480.

ಇದೇ ಸಿಟಿಸಿಯಲ್ಲಿ ಶೇ 10 ‘ವೇರಿಯೆಬಲ್’ ಅಂತ ಇಟ್ಟಿದ್ದರೆ, ಅಂದರೆ ಕೆಲಸದ ಗುಣ ನೋಡಿ ವರ್ಷಕ್ಕೊಮ್ಮೆ ಕೊಡುವ ಭಾಗ, ತಿಂಗಳಿಗೆ 3,000 ಪಕ್ಕಕ್ಕೆ ಹೋಗುತ್ತದೆ. ಆಗ ಉಳಿಯುವುದು 24,480. ವೃತ್ತಿ ತೆರಿಗೆ ಇರುವುದಿಲ್ಲ. ಪಿಎಫ್ ಕಳೆದು ಕೈಗೆ 22,680. ತಿಂಗಳ ಸಂಬಳ 21,000ದ ಒಳಗಿದ್ದರೆ ಇಎಸ್‌ಐಗೆ ಶೇ 0.75 ಹಿಡಿಯುತ್ತಾರೆ. ಅದರಿಂದ ನಿಮಗೂ ನಿಮ್ಮನ್ನು ಅವಲಂಬಿಸಿದವರಿಗೂ ವೈದ್ಯಕೀಯ ಸೌಲಭ್ಯ ಸಿಗುತ್ತದೆ.

ಆದ್ದರಿಂದ ಕೇಳಬೇಕಾದ್ದು ‘ಪ್ಯಾಕೇಜ್ ಎಷ್ಟು’ ಅಂತಲ್ಲ. ‘ತಿಂಗಳಿಗೆ ಕೈಗೆ ಎಷ್ಟು ಬರುತ್ತದೆ, ವೇರಿಯೆಬಲ್ ಎಷ್ಟು?’ ಅಂತ ಕೇಳಿ. ನಿರೀಕ್ಷೆ ಕೇಳಿದರೆ, ‘ಈ ಹುದ್ದೆಗೆ ನೀವು ಇಟ್ಟಿರುವ ಮಿತಿ ತಿಳಿಸುತ್ತೀರಾ?’ ಅಂತ ಮೊದಲು ವಿನಯದಿಂದ ಕೇಳಬಹುದು.

ಬಾಂಡ್ ಅಂದರೆ ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಇಷ್ಟು ಹಣ ಕೊಡುತ್ತೇನೆ ಅನ್ನುವ ಒಪ್ಪಂದ. ‘ಬಾಂಡ್ ಎಲ್ಲ ಕೋರ್ಟ್‌ನಲ್ಲಿ ನಿಲ್ಲಲ್ಲ ಬಿಡು’ ಅಂತ ಹೇಳುವ ಗೆಳೆಯರಿರುತ್ತಾರೆ. ನಂಬಬೇಡಿ. ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕೊಡಬೇಕು ಅನ್ನುವ ವಿಜಯಾ ಬ್ಯಾಂಕ್‌ನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಎಲ್ಲ ಬಾಂಡ್‌ಗಳೂ ಹಾಗೆಯೇ ನಿಲ್ಲುತ್ತವೆ ಅಂತಲ್ಲ. ಪ್ರತಿ ಕೇಳಿ ಪಡೆದು, ಮನೆಗೆ ತಂದು, ಓದಿ ಸಹಿ ಮಾಡಿ.

9. ಹಣ ಕೇಳಿದರೆ ಎದ್ದು ಬನ್ನಿ

ನೋಂದಣಿ ಶುಲ್ಕ, ಟ್ರೈನಿಂಗ್ ಡೆಪಾಸಿಟ್, ಲ್ಯಾಪ್‌ಟಾಪ್ ಅಡ್ವಾನ್ಸ್, ‘ಬ್ಯಾಕ್‌ಡೋರ್ ಸೀಟು’, ಹೆಸರು ಏನೇ ಇರಲಿ. ಕೆಲಸ ಕೊಡಲು ಹಣ ಕೇಳುವುದು, ಒರಿಜಿನಲ್ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಅನ್ನುವುದು, ಇವೆರಡರಲ್ಲಿ ಯಾವುದು ಕಂಡರೂ ಎದ್ದು ಬನ್ನಿ. ಆಫರ್ ಲೆಟರ್ ಬಂದ ಇಮೇಲ್ ಕಂಪನಿಯ ಸ್ವಂತ ವಿಳಾಸದಿಂದ ಬಂದಿದೆಯಾ ನೋಡಿ. ಅನುಮಾನವಿದ್ದರೆ ಕಂಪನಿಯ ವೆಬ್‌ಸೈಟ್‌ನಲ್ಲಿರುವ ನಂಬರ್‌ಗೆ ನೀವೇ ಕರೆ ಮಾಡಿ ಕೇಳಿ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ.

10. ಮುಗಿಯುವಾಗ, ಮುಗಿದ ಮೇಲೆ

ಕೊನೆಗೆ ‘ನೀವೇನಾದರೂ ಕೇಳುತ್ತೀರಾ?’ ಅಂತಾರೆ. ‘ನೋ ಸರ್’ ಅಂತ ಎದ್ದುಬಿಡಬೇಡಿ. ‘ಸೇರಿದ ಮೊದಲ ಮೂರು ತಿಂಗಳಲ್ಲಿ ನಾನು ಏನು ಮಾಡಬೇಕಾಗುತ್ತದೆ?’ ಅಂತ ಕೇಳಿ. ಉತ್ತರ ಕೇಳಿದರೆ ಆ ಕೆಲಸ ನಿಮಗೆ ಬೇಕೋ ಬೇಡವೋ ಅಂತಲೂ ತಿಳಿಯುತ್ತದೆ. ಫಲಿತಾಂಶ ಯಾವಾಗ ತಿಳಿಸುತ್ತಾರೆ ಅಂತಲೂ ಕೇಳಿ.

ಮರುದಿನ ನಾಲ್ಕು ಸಾಲಿನ ಧನ್ಯವಾದದ ಇಮೇಲ್ ಕಳಿಸಿ. ಹೇಳಿದ ದಿನ ಕಳೆದು ಎರಡು ದಿನವಾದರೂ ಸುದ್ದಿ ಬರದಿದ್ದರೆ ಒಂದು ಸಲ ವಿಚಾರಿಸಿ. ದಿನಾ ಫೋನ್ ಮಾಡಬೇಡಿ.

ಹೊರಗೆ ಬಂದ ತಕ್ಷಣ, ಊರಿನ ಬಸ್ ಹತ್ತುವ ಮುಂಚೆ, ನೋಟ್‌ಬುಕ್ ತೆಗೆದು ಅವರು ಕೇಳಿದ ಪ್ರಶ್ನೆಗಳನ್ನೆಲ್ಲ ನೆನಪಿದ್ದಂತೆ ಬರೆಯಿರಿ. ತಡವರಿಸಿದ ಪ್ರಶ್ನೆಗಳ ಪಕ್ಕ ಒಂದು ಗುರುತು ಹಾಕಿ. ಮುಂದಿನ ಕರೆ ಬಂದಾಗ ಮೊದಲು ತೆರೆಯಬೇಕಾದ ಪುಟ ಅದೇ.